ಎರಡನೇ ಪ್ರಾಶಸ್ತ್ಯದ ಮತ: ಈಶಾನ್ಯ ಪದವೀಧರರ ಕ್ಷೇತ್ರ ಹಾಗೂ ಅಲಾಸ್ಕಾ ರಾಜ್ಯದ ಚುನಾವಣೆ – ಒಂದು ವಿಶ್ಲೇಷಣೆ

1. ಪೀಠಿಕೆ

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಗ್ರಾಮವು ಕಲ್ಲೇಶ್ವರ ದೇವಾಲಯಕ್ಕೂ ಅಲ್ಲಿನ ಶಾಸನಗಳಿಗೂ ಹೆಸರಾದುದು. ಈ ಗ್ರಾಮದ ಮತದಾರರು ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ವಿದ್ಯುನ್ಮಾನ ಮತಯಂತ್ರದ ಗುಂಡಿ ಒತ್ತಿ ಒಬ್ಬ ಅಭ್ಯರ್ಥಿಯನ್ನು ಆರಿಸುತ್ತಾರೆ. ಆ ಚುನಾವಣೆಗಳಲ್ಲಿ ಯಾರಿಗೆ ಹೆಚ್ಚು ಮತವೋ ಅವರೇ ಗೆದ್ದವರು. ಆದರೆ ಇದೇ ಗ್ರಾಮದ ಪದವೀಧರರು ವಿಧಾನ ಪರಿಷತ್ತಿನ ಚುನಾವಣೆಗೆ ಹೋದಾಗ ಅವರ ಕೈಗೆ ಕಾಗದದ ಮತಪತ್ರವೂ ನೇರಳೆ ಬಣ್ಣದ ಸ್ಕೆಚ್ ಪೆನ್ನೂ ದೊರೆಯುತ್ತವೆ. ಅಲ್ಲಿ ಗುಂಡಿಯೂ ಇಲ್ಲ, ಮುದ್ರೆಯೂ ಇಲ್ಲ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಅಂಕಿಗಳನ್ನು ಬರೆಯಬೇಕು.

ಹೀಗೆ ಅಂಕಿ ಬರೆಯುವಾಗ ಬಹುಸಂಖ್ಯೆಯ ಮತದಾರರು 1 ಎಂದು ಬರೆದು ಮತಪತ್ರವನ್ನು ಮಡಚಿಬಿಡುವುದು ಸಾಮಾನ್ಯ. ಕಾನೂನಿನಂತೆ ಅದು ಸಿಂಧುವಾದ ಮತವೇ ಸರಿ. ಆದರೆ ಆ ಅಭ್ಯರ್ಥಿಯು ಎಣಿಕೆಯ ನಡುವೆ ಸ್ಪರ್ಧೆಯಿಂದ ಹೊರಬಿದ್ದರೆ ಆ ಮತದಾರರ ಮಾತು ಅಲ್ಲಿಗೇ ಮುಗಿಯುತ್ತದೆ. ಕೊನೆಗೆ ಉಳಿಯುವ ಇಬ್ಬರಲ್ಲಿ ಯಾರು ಬರಬೇಕು ಎಂಬ ತೀರ್ಮಾನವನ್ನು ಅವರು ತಮಗರಿವಿಲ್ಲದೆಯೇ ಇತರರಿಗೆ ಬಿಟ್ಟುಕೊಟ್ಟಿರುತ್ತಾರೆ. ಈ ಪದ್ಧತಿಯ ಸ್ವರೂಪವನ್ನು ನಮ್ಮ ಕ್ಷೇತ್ರ, ನಮ್ಮ ದೇಶದ 1969ರ ರಾಷ್ಟ್ರಪತಿ ಚುನಾವಣೆ ಹಾಗೂ ಅಮೆರಿಕದ ಅಲಾಸ್ಕಾ ರಾಜ್ಯದ 2022ರ ಚುನಾವಣೆಗಳ ಮೂಲಕ ಸಾರ್ವಜನಿಕರ ಅವಗಾಹನೆಗೆ ತರುವುದು ಈ ಲೇಖನದ ಉದ್ದೇಶವಾಗಿದೆ.

2. ನಮ್ಮ ಕ್ಷೇತ್ರದ ಪರಿಚಯ

ಕರ್ನಾಟಕ ವಿಧಾನ ಪರಿಷತ್ತಿನ ಒಟ್ಟು ಸದಸ್ಯರ ಸಂಖ್ಯೆ 75. ಇವರಲ್ಲಿ 25 ಮಂದಿ ವಿಧಾನಸಭಾ ಸದಸ್ಯರಿಂದಲೂ, 25 ಮಂದಿ ಸ್ಥಳೀಯ ಸಂಸ್ಥೆಗಳ ಸದಸ್ಯರಿಂದಲೂ, 7 ಮಂದಿ ಪದವೀಧರರಿಂದಲೂ, 7 ಮಂದಿ ಶಿಕ್ಷಕರಿಂದಲೂ ಚುನಾಯಿತರಾಗುತ್ತಾರೆ. ಉಳಿದ 11 ಮಂದಿ ನಾಮನಿರ್ದೇಶಿತರು. ಸದಸ್ಯರ ಅವಧಿ ಆರು ವರ್ಷ. ಪರಿಷತ್ತು ವಿಸರ್ಜನೆಯಾಗದ ಸದನವಾಗಿದ್ದು, ಎರಡು ವರ್ಷಗಳಿಗೊಮ್ಮೆ ಸರಿಸುಮಾರು ಮೂರನೇ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುತ್ತಾರೆ.

ಸಂವಿಧಾನದ 171ನೇ ಅನುಚ್ಛೇದದ 4ನೇ ಖಂಡದ ಪ್ರಕಾರ ಈ ಚುನಾವಣೆಗಳು ಪ್ರಮಾಣಾನುಗುಣ ಪ್ರಾತಿನಿಧ್ಯ ಪದ್ಧತಿಗೆ ಅನುಸಾರವಾಗಿ, ಏಕ ವರ್ಗಾವಣೀಯ ಮತದ ಮೂಲಕ ನಡೆಯತಕ್ಕದ್ದು. ವರ್ಗಾವಣೀಯ ಎಂಬ ಪದವೇ ಇಲ್ಲಿ ಮುಖ್ಯವಾದುದು. ಮತದಾರನಿಗೆ ಇರುವುದು ಒಂದೇ ಮತ. ಆದರೆ ಆ ಮತವು ಒಬ್ಬ ಅಭ್ಯರ್ಥಿಯ ಲೆಕ್ಕದಿಂದ ಇನ್ನೊಬ್ಬರ ಲೆಕ್ಕಕ್ಕೆ ವರ್ಗವಾಗಬಲ್ಲುದು. ಹೀಗೆ ಯಾರ ಲೆಕ್ಕಕ್ಕೆ ವರ್ಗವಾಗಬೇಕು ಎಂಬ ಆದೇಶವನ್ನು ಮತದಾರನು ಮುಂಚಿತವಾಗಿಯೇ ಅಂಕಿಗಳ ರೂಪದಲ್ಲಿ ಬರೆದುಕೊಡುತ್ತಾನೆ.

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಪುನಃ ಬಳ್ಳಾರಿಗೆ, 2021ರಲ್ಲಿ ನೂತನ ವಿಜಯನಗರ ಜಿಲ್ಲೆಗೆ ಸೇರಿತು. ಪರಿಷತ್ತಿನ ಮಟ್ಟಿಗೆ ಇಲ್ಲಿನ ಪದವೀಧರರು ಕರ್ನಾಟಕ ಈಶಾನ್ಯ ಪದವೀಧರರ ಕ್ಷೇತ್ರದ ಮತದಾರರು. ಈ ಕ್ಷೇತ್ರವು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಹಾಗೂ ವಿಜಯನಗರ ಎಂಬ ಏಳು ಜಿಲ್ಲೆಗಳಲ್ಲಿ ಹರಡಿದೆ. ಬೀದರ್ ಜಿಲ್ಲೆಯ ಮಹಾರಾಷ್ಟ್ರ ಗಡಿಯ ಹಳ್ಳಿಯ ಪದವೀಧರರೂ ಬಾಗಳಿಯ ಪದವೀಧರರೂ ಒಬ್ಬರೇ ಪ್ರತಿನಿಧಿಯನ್ನು ಆರಿಸುತ್ತಾರೆ. ಇಂತಹ ವಿಸ್ತಾರವಾದ ಕ್ಷೇತ್ರದಲ್ಲಿ ಪ್ರತಿಯೊಂದು ಪ್ರದೇಶಕ್ಕೂ ತನ್ನದೇ ಪರಿಚಿತ ಅಭ್ಯರ್ಥಿ ಇರುವುದು ಸಹಜ. ಮತಗಳು ಹಲವರಲ್ಲಿ ಹಂಚಿಹೋಗುವುದೂ ಸಹಜ. ಆದುದರಿಂದಲೇ ಎರಡನೇ ಪ್ರಾಶಸ್ತ್ಯಕ್ಕೆ ಇಲ್ಲಿ ವಿಶೇಷ ಮಹತ್ವ ಬರುತ್ತದೆ.

ಈ ಕ್ಷೇತ್ರಕ್ಕೆ 2024ರ ಜೂನ್ 3ರಂದು ಮತದಾನ ನಡೆದು, ಜೂನ್ 6ರಂದು ಕಲಬುರಗಿಯಲ್ಲಿ ಎಣಿಕೆ ಆರಂಭವಾಯಿತು. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾವ ಅಭ್ಯರ್ಥಿಯೂ ನಿಗದಿತ ಕೋಟಾ ತಲುಪಲಿಲ್ಲ. ಕಡಿಮೆ ಮತ ಪಡೆದವರನ್ನು ಒಬ್ಬೊಬ್ಬರಾಗಿ ಹೊರಗಿಟ್ಟು ಅವರ ಮತಪತ್ರಗಳನ್ನು ಪುನಃ ಪರಿಶೀಲಿಸುವ ಕಾರ್ಯ ನಡೆದ ನಂತರವಷ್ಟೇ ಡಾ. ಚಂದ್ರಶೇಖರ ಪಾಟೀಲ ಅವರ ಆಯ್ಕೆ ಘೋಷಣೆಯಾಯಿತು. ಅದೇ ವಾರ ಲೋಕಸಭಾ ಚುನಾವಣೆಯ ಫಲಿತಾಂಶವು ಒಂದೇ ದಿನದಲ್ಲಿ ಹೊರಬಿದ್ದುದನ್ನು ಕಂಡಿದ್ದ ಸಾರ್ವಜನಿಕರಿಗೆ ಈ ವಿಳಂಬವು ಅಚ್ಚರಿ ತಂದಿರಬಹುದು. ವಿಳಂಬಕ್ಕೆ ಕಾರಣ ಎಣಿಕೆಯ ಕ್ರಮದಲ್ಲಿಯೇ ಇದೆ.

3. ಎಣಿಕೆಯ ಕ್ರಮ

1961ರ ಚುನಾವಣೆ ನಡೆಸುವ ನಿಯಮಗಳಲ್ಲಿ ಒಂದೇ ಸ್ಥಾನವನ್ನು ತುಂಬಬೇಕಾದ ಸಂದರ್ಭಕ್ಕೆ ಹೀಗೆ ಕ್ರಮವನ್ನು ವಿಧಿಸಲಾಗಿದೆ:

(ಅ) ಮೊದಲಿಗೆ ಅಸಿಂಧು ಮತಪತ್ರಗಳನ್ನು ಬೇರ್ಪಡಿಸಿ, ಸಿಂಧು ಮತಪತ್ರಗಳನ್ನು 1 ಎಂಬ ಅಂಕಿಯ ಆಧಾರದ ಮೇಲೆ ಅಭ್ಯರ್ಥಿವಾರು ಕಟ್ಟುಗಳಾಗಿ ವಿಂಗಡಿಸಲಾಗುತ್ತದೆ.

(ಆ) ಒಟ್ಟು ಸಿಂಧು ಮತಗಳನ್ನು ಎರಡರಿಂದ ಭಾಗಿಸಿ, ಶೇಷವನ್ನು ಬಿಟ್ಟು, ಬಂದ ಭಾಗಲಬ್ಧಕ್ಕೆ ಒಂದನ್ನು ಕೂಡಿಸಿದರೆ ಕೋಟಾ ದೊರೆಯುತ್ತದೆ. ಅಂದರೆ ಅರ್ಧಕ್ಕಿಂತ ಹೆಚ್ಚು.

(ಇ) ಯಾರಾದರೂ ಕೋಟಾ ತಲುಪಿದ್ದಲ್ಲಿ ಅವರು ಚುನಾಯಿತರು. ಇಲ್ಲವಾದಲ್ಲಿ ಅತ್ಯಂತ ಕಡಿಮೆ ಮತ ಪಡೆದ ಅಭ್ಯರ್ಥಿಯನ್ನು ಹೊರಗಿಡಲಾಗುತ್ತದೆ. ಅವರ ಮತಪತ್ರಗಳಲ್ಲಿ ಮುಂದಿನ ಪ್ರಾಶಸ್ತ್ಯ ಯಾರಿಗಿದೆಯೋ ಅವರ ಕಟ್ಟಿಗೆ ಆ ಪತ್ರ ಸೇರುತ್ತದೆ.

(ಈ) ಮುಂದಿನ ಪ್ರಾಶಸ್ತ್ಯವನ್ನೇ ಬರೆಯದ ಪತ್ರವನ್ನು ನಿಶ್ಶೇಷ ಮತಪತ್ರವೆಂದು ಪ್ರತ್ಯೇಕವಾಗಿ ಇಡಲಾಗುತ್ತದೆ. ಮುಂದಿನ ಯಾವ ಸುತ್ತಿನಲ್ಲೂ ಅದು ಲೆಕ್ಕಕ್ಕೆ ಬರುವುದಿಲ್ಲ.

(ಉ) ಯಾರಾದರೂ ಕೋಟಾ ತಲುಪುವವರೆಗೆ ಅಥವಾ ಒಬ್ಬರೇ ಅಭ್ಯರ್ಥಿ ಉಳಿಯುವವರೆಗೆ ಇದೇ ಕ್ರಮ ಮುಂದುವರಿಯುತ್ತದೆ.

ಕೊನೆಯ ಅಂಶದಲ್ಲಿ ಒಂದು ಸೂಕ್ಷ್ಮವಿದೆ. ನಿಶ್ಶೇಷ ಮತಪತ್ರಗಳು ಎಷ್ಟೇ ಹೆಚ್ಚಾದರೂ ನಮ್ಮಲ್ಲಿ ಕೋಟಾ ಕಡಿಮೆಯಾಗುವುದಿಲ್ಲ. ಮೊದಲ ಎಣಿಕೆಯಲ್ಲಿ ನಿಗದಿಯಾದದ್ದೇ ಕೊನೆಯವರೆಗೂ ಇರುತ್ತದೆ. ಹೀಗಾಗಿ ಹೆಚ್ಚಿನ ಮತದಾರರು 1 ಮಾತ್ರ ಬರೆದಿದ್ದಲ್ಲಿ ಯಾರೂ ಕೋಟಾ ತಲುಪದೆ, ಕೊನೆಗೆ ಉಳಿದ ಒಬ್ಬರು ಚುನಾಯಿತರೆಂದು ಘೋಷಿತರಾಗುವ ಪ್ರಸಂಗ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಮತದಾರರ ಸಮ್ಮತಿ ಪಡೆದವರೇ ಗೆಲ್ಲಬೇಕೆಂಬುದು ಪದ್ಧತಿಯ ಆಶಯ. ಆ ಆಶಯವು ಈಡೇರುವುದೂ ಬಿಡುವುದೂ ಮತದಾರರು ಬರೆಯುವ ಎರಡನೇ, ಮೂರನೇ ಅಂಕಿಗಳನ್ನು ಅವಲಂಬಿಸಿದೆ.

4. ಒಂದು ಕಾಲ್ಪನಿಕ ಲೆಕ್ಕ

ವಿಷಯವನ್ನು ಸುಲಭವಾಗಿ ಗ್ರಹಿಸಲು ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಟ್ಟು 1,000 ಸಿಂಧು ಮತಗಳಿವೆ ಎಂದು ಭಾವಿಸಿ. ಕೋಟಾ 501. ಮೊದಲ ಎಣಿಕೆಯಲ್ಲಿ ‘ಕ’ ಎಂಬ ಅಭ್ಯರ್ಥಿಗೆ 400, ‘ಖ’ ಅವರಿಗೆ 310, ‘ಗ’ ಅವರಿಗೆ 290 ಮತಗಳು ಬಂದಿವೆ. ಯಾರೂ 501 ತಲುಪದ ಕಾರಣ ‘ಗ’ ಅವರನ್ನು ಹೊರಗಿಡಲಾಗುತ್ತದೆ.

‘ಗ’ ಅವರ 290 ಪತ್ರಗಳಲ್ಲಿ 60ರಲ್ಲಿ ‘ಕ’ ಅವರಿಗೂ, 130ರಲ್ಲಿ ‘ಖ’ ಅವರಿಗೂ ಎರಡನೇ ಪ್ರಾಶಸ್ತ್ಯವಿದೆ. ಉಳಿದ 100 ಪತ್ರಗಳಲ್ಲಿ 1 ಬಿಟ್ಟರೆ ಬೇರೇನೂ ಇಲ್ಲ. ಈಗ ‘ಕ’ ಅವರ ಮೊತ್ತ 460, ‘ಖ’ ಅವರ ಮೊತ್ತ 440, ನಿಶ್ಶೇಷ 100. ಯಾರೂ ಕೋಟಾ ತಲುಪಿಲ್ಲ. ಕಡಿಮೆ ಮತದ ‘ಖ’ ಅವರೂ ಹೊರಬಿದ್ದು, ಉಳಿದ ‘ಕ’ ಅವರು ಚುನಾಯಿತರಾಗುತ್ತಾರೆ. ಅಂತರ ಕೇವಲ 20.

ಆ 100 ಮಂದಿಯಲ್ಲಿ 30 ಮಂದಿ ಮಾತ್ರ ‘ಖ’ ಅವರ ಮುಂದೆ 2 ಎಂದು ಬರೆದಿದ್ದರೆ ಅವರ ಮೊತ್ತ 470 ಆಗಿ, 460ರ ‘ಕ’ ಅವರು ಹೊರಬೀಳುತ್ತಿದ್ದರು. ಫಲಿತಾಂಶವೇ ತಿರುಗುತ್ತಿತ್ತು. ಇನ್ನೊಂದೆಡೆ ಆ 100 ಮಂದಿಯೂ ‘ಕ’ ಅವರನ್ನೇ ಮೆಚ್ಚಿದವರಾಗಿದ್ದು 2 ಎಂದು ಬರೆದಿದ್ದರೆ ಅವರು 560 ಮತಗಳೊಡನೆ ಕೋಟಾ ದಾಟಿ, ನಿಸ್ಸಂದೇಹವಾದ ಬಹುಮತದ ಪ್ರತಿನಿಧಿಯೆನಿಸುತ್ತಿದ್ದರು. ಎರಡರಲ್ಲಿ ಯಾವುದು ನಿಜವೆಂಬುದನ್ನು ಬರಿದಾದ ಆ 100 ಪತ್ರಗಳು ಹೇಳಲಾರವು. ಲೆಕ್ಕದ ಪುಸ್ತಕದಲ್ಲಿ ಮೊಬಲಗು ಬರೆದು ಖಾತೆಯ ಹೆಸರನ್ನು ಬಿಟ್ಟಂತೆ ಅವುಗಳ ಸ್ಥಿತಿ.

5. ನಮ್ಮ ದೇಶದ ನಿದರ್ಶನ: 1969ರ ರಾಷ್ಟ್ರಪತಿ ಚುನಾವಣೆ

ಪ್ರಾಶಸ್ತ್ಯ ಮತಗಳ ವರ್ಗಾವಣೆಯಿಂದಲೇ ಇತ್ಯರ್ಥವಾದ ಬಹು ಪ್ರಸಿದ್ಧ ಚುನಾವಣೆಯೊಂದು ನಮ್ಮ ದೇಶದಲ್ಲಿಯೇ ನಡೆದಿದೆ. ರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ಅವರು 1969ರ ಮೇ 3ರಂದು ನಿಧನರಾದ ತರುವಾಯ ನಡೆದ ಚುನಾವಣೆಯದು. ಅದೇ ವರ್ಷ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಕಾಂಗ್ರೆಸ್ ನಾಯಕರ ಸಭೆಯಲ್ಲಿ ಶ್ರೀ ನೀಲಂ ಸಂಜೀವ ರೆಡ್ಡಿ ಅವರನ್ನು ಪಕ್ಷದ ಅಭ್ಯರ್ಥಿಯೆಂದು ನಿರ್ಧರಿಸಲಾಯಿತು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ವಿ.ವಿ. ಗಿರಿ ಅವರು ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು. ಶ್ರೀ ಸಿ.ಡಿ. ದೇಶಮುಖ್ ಅವರು ಮೂರನೆಯ ಪ್ರಮುಖ ಅಭ್ಯರ್ಥಿ. ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿ ಅವರು ಆತ್ಮಸಾಕ್ಷಿಯ ಮತಕ್ಕೆ ಕರೆ ನೀಡಿದುದು ಇತಿಹಾಸಪ್ರಸಿದ್ಧ.

ಆಗಸ್ಟ್ 16ರಂದು ಮತದಾನ ನಡೆಯಿತು. ರಾಷ್ಟ್ರಪತಿ ಚುನಾವಣೆಯಲ್ಲಿ ಸಂಸದರು, ಶಾಸಕರ ಮತಗಳಿಗೆ ನಿರ್ದಿಷ್ಟ ಮೌಲ್ಯವಿರುತ್ತದೆ. ಸಿಂಧು ಮತಗಳ ಒಟ್ಟು ಮೌಲ್ಯ 8,36,337 ಆಗಿದ್ದು, ಕೋಟಾ 4,18,169 ಆಗಿತ್ತು. ಮೊದಲ ಎಣಿಕೆಯಲ್ಲಿ ಗಿರಿ ಅವರಿಗೆ 4,01,515, ರೆಡ್ಡಿ ಅವರಿಗೆ 3,13,548, ದೇಶಮುಖ್ ಅವರಿಗೆ 1,12,769 ಬಂದವು. ಗಿರಿ ಅವರು ಬಹಳ ಮುಂದಿದ್ದರೂ ಕೋಟಾಗೆ 16,654ರಷ್ಟು ಕೊರತೆ ಇತ್ತು.

ಕೆಳಗಿನ ಅಭ್ಯರ್ಥಿಗಳು ಹಾಗೂ ದೇಶಮುಖ್ ಅವರು ಹೊರಬಿದ್ದ ಮೇಲೆ ವರ್ಗಾವಣೆಯಾದ ಮತಗಳಲ್ಲಿ ಬಹುಪಾಲು ರೆಡ್ಡಿ ಅವರಿಗೇ ಸೇರಿದವು. ಅವರ ಮೊತ್ತವು 91,879ರಷ್ಟು ಏರಿ 4,05,427 ತಲುಪಿತು. ಗಿರಿ ಅವರಿಗೆ ಹೆಚ್ಚಾಗಿ ಬಂದದ್ದು 18,562 ಮಾತ್ರ. ಆದರೆ ಅಷ್ಟೇ ಸಾಕಾಯಿತು. 4,20,077 ಮೌಲ್ಯದೊಡನೆ ಅವರು ಕೋಟಾ ದಾಟಿದರು. ಮೊದಲ ಎಣಿಕೆಯಲ್ಲಿ 87,967ರಷ್ಟಿದ್ದ ಅಂತರ ಕೊನೆಗೆ 14,650ಕ್ಕೆ ಇಳಿದಿತ್ತು. ದೇಶದ ಅತ್ಯುನ್ನತ ಹುದ್ದೆಯ ತೀರ್ಮಾನವನ್ನು ಅಂದು ಮಾಡಿದ್ದು ಎರಡನೇ ಪ್ರಾಶಸ್ತ್ಯದ ಅಂಕಿಗಳೇ ಎಂಬುದನ್ನು ಗಮನಿಸಬಹುದಾಗಿದೆ.

6. ಅಲಾಸ್ಕಾ ರಾಜ್ಯದ ಚುನಾವಣೆ

1969ರ ಆ ಮತದಾನದಲ್ಲಿ ಭಾಗವಹಿಸಿದವರು ಸಂಸದರು ಮತ್ತು ಶಾಸಕರು. ಇದೇ ಪದ್ಧತಿಯನ್ನು ಒಂದು ಇಡೀ ರಾಜ್ಯದ ಸಾಮಾನ್ಯ ಮತದಾರರು ಬಳಸಿದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅಲಾಸ್ಕಾ ರಾಜ್ಯವು ಉತ್ತಮ ನಿದರ್ಶನ.

ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಅಲಾಸ್ಕಾ ರಾಜ್ಯಕ್ಕೆ ಒಂದೇ ಸ್ಥಾನ. ಭೂವಿಸ್ತಾರದಲ್ಲಿ ಆ ದೇಶದ ಅತಿ ದೊಡ್ಡ ರಾಜ್ಯವಾದರೂ ಜನಸಂಖ್ಯೆ ಅತಿ ವಿರಳ. ಹೀಗಾಗಿ ಇಡೀ ರಾಜ್ಯವೇ ಒಂದು ಕ್ಷೇತ್ರ. 1973ರಿಂದ ಈ ಸ್ಥಾನವನ್ನು ಪ್ರತಿನಿಧಿಸಿದ್ದ ಡಾನ್ ಯಂಗ್ ಅವರು 2022ರ ಮಾರ್ಚ್ 18ರಂದು ನಿಧನರಾದರು. ತೆರವಾದ ಸ್ಥಾನಕ್ಕೆ 2022ರ ಆಗಸ್ಟ್ 16ರಂದು ಉಪಚುನಾವಣೆ ನಡೆಯಿತು. 2020ರ ನವೆಂಬರ್‌ನಲ್ಲಿ ಆ ರಾಜ್ಯದ ಮತದಾರರು ಜನಮತಗಣನೆಯ ಮೂಲಕ ಅಂಗೀಕರಿಸಿದ್ದ ಪ್ರಾಶಸ್ತ್ಯ ಮತದಾನ ಪದ್ಧತಿಯು ಮೊದಲ ಬಾರಿಗೆ ಜಾರಿಗೆ ಬಂದದ್ದು ಈ ಚುನಾವಣೆಯಲ್ಲಿಯೇ.

ಕಣದಲ್ಲಿ ಮುಖ್ಯವಾಗಿ ಮೂವರಿದ್ದರು. ಡೆಮಾಕ್ರಟಿಕ್ ಪಕ್ಷದ ಮೇರಿ ಪೆಲ್ಟೋಲಾ, ರಿಪಬ್ಲಿಕನ್ ಪಕ್ಷದ ಸಾರಾ ಪೇಲಿನ್ ಮತ್ತು ಅದೇ ಪಕ್ಷದ ನಿಕ್ ಬೆಗಿಚ್. ಪೇಲಿನ್ ಅವರು ಆ ರಾಜ್ಯದ ಮಾಜಿ ಗವರ್ನರ್, 2008ರಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ. ಫಲಿತಾಂಶ ಹೀಗಿತ್ತು:

ಮೊದಲ ಎಣಿಕೆ:
ಪೆಲ್ಟೋಲಾ – 75,799
ಪೇಲಿನ್ – 58,973
ಬೆಗಿಚ್ – 53,810

ಬೆಗಿಚ್ ಅವರು ಹೊರಬಿದ್ದ ನಂತರ ಅವರ 53,810 ಮತಪತ್ರಗಳು ಹಂಚಿಕೆಯಾದ ಬಗೆ:
ಪೇಲಿನ್ ಅವರಿಗೆ – 27,053
ಪೆಲ್ಟೋಲಾ ಅವರಿಗೆ – 15,467
ಯಾರಿಗೂ ಸೇರದೆ ಉಳಿದವು – 11,290

ಅಂತಿಮ ಎಣಿಕೆ:
ಪೆಲ್ಟೋಲಾ – 91,266
ಪೇಲಿನ್ – 86,026

ಅಂತರ 5,240 ಮತಗಳು. ಪೆಲ್ಟೋಲಾ ಅವರು ಅಮೆರಿಕದ ಕಾಂಗ್ರೆಸ್‌ಗೆ ಆಯ್ಕೆಯಾದ ಅಲಾಸ್ಕಾದ ಮೂಲನಿವಾಸಿ ಸಮುದಾಯಗಳ ಮೊದಲ ಪ್ರತಿನಿಧಿಯಾದರು.

7. ಅಂಕಿಗಳ ಪರಿಶೀಲನೆ

ಈ ಅಂಕಿಗಳಿಂದ ಮೂರು ಅಂಶಗಳು ಹೊರಡುತ್ತವೆ.

ಮೊದಲನೆಯದಾಗಿ, ಇಬ್ಬರು ರಿಪಬ್ಲಿಕನ್ ಅಭ್ಯರ್ಥಿಗಳ ಮೊದಲ ಪ್ರಾಶಸ್ತ್ಯದ ಮತಗಳನ್ನು ಕೂಡಿಸಿದರೆ 1,12,783 ಆಗುತ್ತದೆ. ಪಕ್ಷದ ಲೆಕ್ಕದಲ್ಲಿ ಗೆಲುವು ಅವರದೇ ಆಗಬೇಕಿತ್ತು ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಮತವನ್ನು ಹಾಕುವವನು ಮತದಾರನೇ ಹೊರತು ಪಕ್ಷವಲ್ಲ. ಬೆಗಿಚ್ ಅವರ ಮತದಾರರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಪೇಲಿನ್ ಅವರಿಗೆ ಎರಡನೇ ಸ್ಥಾನ ನೀಡಿದರು. ಪ್ರಚಾರದ ಅವಧಿಯಲ್ಲಿ ಇವರಿಬ್ಬರೂ ಪರಸ್ಪರ ಟೀಕೆಯಲ್ಲಿ ತೊಡಗಿದ್ದರು. ಎದುರಾಳಿಯ ಬೆಂಬಲಿಗರನ್ನು ನೋಯಿಸಿದವರಿಗೆ ಆ ಬೆಂಬಲಿಗರ ಎರಡನೇ ಅಂಕಿ ಸುಲಭವಾಗಿ ದೊರೆಯುವುದಿಲ್ಲ.

ಎರಡನೆಯದಾಗಿ, ಯಾರಿಗೂ ಸೇರದ 11,290 ಪತ್ರಗಳು ಗೆಲುವಿನ ಅಂತರದ ಎರಡು ಪಟ್ಟಿಗಿಂತಲೂ ಹೆಚ್ಚು. ಇವುಗಳಲ್ಲಿ ಬಹುತೇಕ ಎಲ್ಲವೂ ಮುಂದಿನ ಪ್ರಾಶಸ್ತ್ಯ ಬರೆಯದವು. ಈ ಮತದಾರರು ಬರೆದಿದ್ದರೆ ಫಲಿತಾಂಶ ಬದಲಾಗುತ್ತಿತ್ತೇ? ಆತುರದ ತೀರ್ಮಾನ ಸಲ್ಲದು. ಉಳಿದ ಬೆಗಿಚ್ ಮತಗಳು ಹಂಚಿಕೆಯಾದ ಪ್ರಮಾಣದಲ್ಲಿಯೇ ಇವೂ ಹಂಚಿಕೆಯಾಗಿದ್ದರೆ ಪೇಲಿನ್ ಅವರಿಗೆ ಸುಮಾರು 3,000 ಮತಗಳ ನಿವ್ವಳ ಲಾಭ ದೊರೆಯುತ್ತಿತ್ತು. 5,240ರ ಅಂತರವನ್ನು ಅದು ತುಂಬುತ್ತಿರಲಿಲ್ಲ. ಪ್ರಮಾಣವು ಬೇರೆಯಾಗಿದ್ದಲ್ಲಿ ಮಾತ್ರ ಫಲಿತಾಂಶ ಬೇರೆಯಾಗಬಹುದಿತ್ತು. ನಿಶ್ಶೇಷ ಮತಗಳು ಫಲಿತಾಂಶವನ್ನು ಬದಲಿಸಿದವು ಎಂದಾಗಲೀ ಬದಲಿಸಲಿಲ್ಲ ಎಂದಾಗಲೀ ಯಾರೂ ದೃಢವಾಗಿ ಹೇಳಲಾರರು. ಕೊನೆಯ ಇಬ್ಬರ ಬಗ್ಗೆ 11,290 ಮಂದಿಯ ಅಭಿಪ್ರಾಯವು ದಾಖಲಾಗಲಿಲ್ಲ ಎಂಬುದು ಮಾತ್ರ ದೃಢವಾದ ಸಂಗತಿ.

ಮೂರನೆಯದಾಗಿ, ಅಲಾಸ್ಕಾದ ನಿಯಮಕ್ಕೂ ನಮ್ಮ ನಿಯಮಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಕೊನೆಯ ಸುತ್ತಿನಲ್ಲಿ ಉಳಿದಿರುವ ಮತಗಳಲ್ಲಿ ಬಹುಮತವಿದ್ದರೆ ಸಾಕು. ಪೆಲ್ಟೋಲಾ ಅವರಿಗೆ ಆ ಸುತ್ತಿನಲ್ಲಿ ಶೇ 51.5ರಷ್ಟು ಮತ ಬಂದಿತು. ಮೊದಲ ಎಣಿಕೆಯ ಮೂವರ ಒಟ್ಟು 1,88,582 ಮತಗಳ ಆಧಾರದಲ್ಲಿ ನಮ್ಮ ಕ್ರಮದಂತೆ ಕೋಟಾ ನಿಗದಿಪಡಿಸಿದರೆ ಅದು 94,292 ಆಗುತ್ತದೆ. ಪೆಲ್ಟೋಲಾ ಅವರ 91,266 ಅದಕ್ಕಿಂತ ಕಡಿಮೆ. ನಮ್ಮ ನಿಯಮದಲ್ಲಿಯೂ ಕೊನೆಗೆ ಉಳಿದ ಅಭ್ಯರ್ಥಿಯಾಗಿ ಅವರೇ ಗೆಲ್ಲುತ್ತಿದ್ದರು. ಆದರೆ ಕೋಟಾ ತಲುಪದೆ ಗೆದ್ದವರೆಂದು ದಾಖಲಾಗುತ್ತಿತ್ತು. ಆಸ್ಟ್ರೇಲಿಯಾದ ಪ್ರತಿನಿಧಿ ಸಭೆಯ ಚುನಾವಣೆಯಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಕ್ರಮಾಂಕ ನೀಡುವುದು ಕಡ್ಡಾಯವಾದ್ದರಿಂದ ಅಲ್ಲಿ ಈ ಪ್ರಶ್ನೆ ಉದ್ಭವಿಸುವುದಿಲ್ಲ. ನಮ್ಮಲ್ಲಿ ಎರಡನೇ ಅಂಕಿ ಮತದಾರನ ಇಚ್ಛೆಗೆ ಬಿಟ್ಟದ್ದು.

8. ಒಂದು ತಪ್ಪು ತಿಳಿವಳಿಕೆ

ಎರಡನೇ ಅಂಕಿ ಬರೆದರೆ ನಾವು ಮೊದಲು ಆರಿಸಿದ ಅಭ್ಯರ್ಥಿಗೆ ಹಾನಿಯಾಗುತ್ತದೆ ಎಂಬ ಭಾವನೆ ಮತದಾರರಲ್ಲಿ ವ್ಯಾಪಕವಾಗಿದೆ. ಒಬ್ಬರಿಗೇ ಒಂದು ಅಂಕಿ ಸಾಕು ಎಂಬ ಸಲಹೆಯೂ ಪ್ರಚಾರದ ವೇಳೆ ಕೇಳಿಬರುವುದುಂಟು.

ಒಂದೇ ಸ್ಥಾನದ ಚುನಾವಣೆಯಲ್ಲಿ ಈ ಭಯಕ್ಕೆ ಆಧಾರವಿಲ್ಲ. ಮೊದಲ ಅಭ್ಯರ್ಥಿಯು ಸ್ಪರ್ಧೆಯಲ್ಲಿ ಇರುವವರೆಗೂ ಮತಪತ್ರವು ಅವರ ಕಟ್ಟಿನಲ್ಲಿಯೇ ಇರುತ್ತದೆ. ಎರಡನೇ ಅಂಕಿಯನ್ನು ಎಣಿಕೆಯ ಅಧಿಕಾರಿಯು ಲೆಕ್ಕಕ್ಕೆ ತೆಗೆದುಕೊಳ್ಳುವುದು ಆ ಅಭ್ಯರ್ಥಿ ಹೊರಬಿದ್ದ ನಂತರವೇ. ಹೊರಬಿದ್ದವರಿಗೆ ಅದರಿಂದ ಹಾನಿಯಾಗುವ ಪ್ರಶ್ನೆಯೇ ಇಲ್ಲ. ಒಂದು ಎಂದು ಬರೆದವರ ಮೇಲಿನ ನಿಷ್ಠೆಗೂ ಎರಡು ಎಂದು ಬರೆಯುವುದಕ್ಕೂ ವಿರೋಧವಿಲ್ಲ.

ಮೊದಲ ಎಣಿಕೆಯಲ್ಲಿ ಮುಂದಿದ್ದವರೇ ಗೆಲ್ಲುತ್ತಾರೆ, ಉಳಿದದ್ದು ಬರೀ ವಿಧಿ ಎಂಬ ಮಾತೂ ಸರಿಯಲ್ಲ. ಗಿರಿ ಅವರೂ ಪೆಲ್ಟೋಲಾ ಅವರೂ ಮೊದಲಿನಿಂದ ಮುಂದಿದ್ದು ಗೆದ್ದವರು ನಿಜ. ಆದರೆ ಐರ್ಲೆಂಡ್ ದೇಶದ 1990ರ ಅಧ್ಯಕ್ಷ ಚುನಾವಣೆಯಲ್ಲಿ ಮೊದಲ ಎಣಿಕೆಯಲ್ಲಿ ಬ್ರಿಯಾನ್ ಲೆನಿಹಾನ್ ಅವರು ಮುಂದಿದ್ದರು. ಮೂರನೆಯ ಅಭ್ಯರ್ಥಿಯ ಮತಗಳು ವರ್ಗಾವಣೆಯಾದ ಮೇಲೆ ಮೇರಿ ರಾಬಿನ್ಸನ್ ಅವರು ಗೆದ್ದು ಆ ದೇಶದ ಪ್ರಥಮ ಮಹಿಳಾ ಅಧ್ಯಕ್ಷರಾದರು.

9. ಪದ್ಧತಿಯ ಮಿತಿಗಳು

ಯಾವುದೇ ಪದ್ಧತಿಯು ದೋಷರಹಿತವೆಂದು ಹೇಳಲಾಗದು. ಅಲಾಸ್ಕಾದ ಮತಪತ್ರಗಳ ದಾಖಲೆಯನ್ನು ಅಲ್ಲಿನ ಚುನಾವಣಾ ವಿಭಾಗವು ಪ್ರಕಟಿಸಿತು. ಅದನ್ನು ಪರಿಶೀಲಿಸಿದ ತಜ್ಞರು ಒಂದು ಕುತೂಹಲಕರ ಅಂಶವನ್ನು ಕಂಡುಕೊಂಡರು. ಮೂರನೆಯ ಸ್ಥಾನದಲ್ಲಿದ್ದು ಮೊದಲು ಹೊರಬಿದ್ದ ಬೆಗಿಚ್ ಅವರು ಪೆಲ್ಟೋಲಾ ಅವರೊಡನೆ ನೇರ ಸ್ಪರ್ಧೆಯಲ್ಲಿದ್ದರೂ, ಪೇಲಿನ್ ಅವರೊಡನೆ ನೇರ ಸ್ಪರ್ಧೆಯಲ್ಲಿದ್ದರೂ ಗೆಲ್ಲುತ್ತಿದ್ದರು. ಅನೇಕರಿಗೆ ಎರಡನೆಯ ಆಯ್ಕೆಯಾಗಿದ್ದವರು ಮೊದಲನೆಯ ಆಯ್ಕೆಯ ಮತಗಳು ಸಾಲದೆ ಹೊರಬಿದ್ದರು. ಎಲ್ಲರಿಗೂ ಸಮ್ಮತರಾದವರು ಯಾರಿಗೂ ಅತ್ಯಂತ ಪ್ರಿಯರಲ್ಲದಿದ್ದಾಗ ಈ ಪದ್ಧತಿಯು ಅವರ ಕೈಬಿಡಬಹುದು.

ಎಣಿಕೆಯ ವಿಳಂಬ, ತಿರಸ್ಕೃತ ಮತಗಳು, ಮತದಾರರ ಗೊಂದಲ ಇವು ಇನ್ನುಳಿದ ಆಕ್ಷೇಪಗಳು. ಅಲಾಸ್ಕಾದಲ್ಲಿಯೂ ಈ ಕುರಿತು ತೀವ್ರ ಚರ್ಚೆ ನಡೆಯಿತು. 2022ರ ನವೆಂಬರ್‌ನ ಸಾರ್ವತ್ರಿಕ ಚುನಾವಣೆಯಲ್ಲಿ ಪೆಲ್ಟೋಲಾ ಅವರು ಪುನಃ ಗೆದ್ದರು. 2024ರಲ್ಲಿ ಅದೇ ಪದ್ಧತಿಯ ಅಡಿಯಲ್ಲಿ ಬೆಗಿಚ್ ಅವರು ಪೆಲ್ಟೋಲಾ ಅವರನ್ನು ಸೋಲಿಸಿದರು. ಅದೇ ದಿನ ಈ ಪದ್ಧತಿಯನ್ನು ರದ್ದುಪಡಿಸುವ ಪ್ರಸ್ತಾವನೆಯೂ ಜನಮತಕ್ಕೆ ಬಂದಿತ್ತು. ಮರುಎಣಿಕೆಯ ನಂತರ ಕೇವಲ 743 ಮತಗಳ ಅಂತರದಲ್ಲಿ ಅದು ಬಿದ್ದುಹೋಯಿತು. ಪದ್ಧತಿಯು ಒಂದು ಪಕ್ಷಕ್ಕೆ ಶಾಶ್ವತವಾಗಿ ಅನುಕೂಲವಾದುದಲ್ಲ ಎಂಬುದು ಈ ಎರಡು ವರ್ಷಗಳ ಫಲಿತಾಂಶಗಳಿಂದ ಸ್ಪಷ್ಟವಾಗುತ್ತದೆ.

10. ಪದವೀಧರ ಮತದಾರರು ಗಮನಿಸಬೇಕಾದ ಅಂಶಗಳು

(1) ಮತಗಟ್ಟೆಯಲ್ಲಿ ನೀಡಲಾಗುವ ನೇರಳೆ ಬಣ್ಣದ ಸ್ಕೆಚ್ ಪೆನ್ನನ್ನೇ ಬಳಸತಕ್ಕದ್ದು. ಸ್ವಂತ ಪೆನ್ನು, ಪೆನ್ಸಿಲ್ ಬಳಸಿದಲ್ಲಿ ಮತವು ಅಸಿಂಧುವಾಗುತ್ತದೆ.

(2) 1 ಎಂಬ ಅಂಕಿಯನ್ನು ಒಬ್ಬ ಅಭ್ಯರ್ಥಿಯ ಮುಂದೆ ಮಾತ್ರ ಬರೆಯುವುದು ಕಡ್ಡಾಯ. ಅದಿಲ್ಲದೆ 2, 3 ಮಾತ್ರ ಬರೆದ ಪತ್ರ ಅಸಿಂಧು. ಇಬ್ಬರ ಮುಂದೆ 1 ಬರೆದದ್ದೂ ಅಸಿಂಧು. ಒಬ್ಬರ ಮುಂದೆಯೇ 1 ಮತ್ತು 2 ಎರಡನ್ನೂ ಬರೆದದ್ದೂ ಅಸಿಂಧು.

(3) ಅಂಕಿಯನ್ನು 1, 2, 3 ಎಂದು, ರೋಮನ್ ಅಂಕಿಗಳಲ್ಲಿ ಅಥವಾ ಕನ್ನಡ ಅಂಕಿಗಳಲ್ಲಿ ಬರೆಯಬಹುದು. ಒಂದು, ಎರಡು ಎಂದು ಅಕ್ಷರಗಳಲ್ಲಿ ಬರೆಯಬಾರದು. ಸರಿ ಗುರುತು, ಗುಣಿಸು ಗುರುತು ಹಾಕಬಾರದು.

(4) ಮತಪತ್ರದ ಮೇಲೆ ಹೆಸರು, ಸಹಿ, ಹೆಬ್ಬೆಟ್ಟಿನ ಗುರುತು ಅಥವಾ ಯಾವುದೇ ಮಾತನ್ನು ಬರೆಯಬಾರದು. ಮತದಾರನ ಗುರುತು ತಿಳಿಯುವಂತಿರುವ ಪತ್ರ ತಿರಸ್ಕೃತವಾಗುತ್ತದೆ. ಕಡತಕ್ಕೆ ಸಹಿ ಹಾಕುವ ಅಭ್ಯಾಸವಿರುವ ವಿದ್ಯಾವಂತರು ಈ ಬಗ್ಗೆ ಹೆಚ್ಚಿನ ಎಚ್ಚರ ವಹಿಸುವುದು ಒಳಿತು.

(5) ಅಂಕಿಗಳು ಅನುಕ್ರಮವಾಗಿರಲಿ. 1, 2 ಬರೆದು 3ನ್ನು ಬಿಟ್ಟು 4 ಬರೆದಲ್ಲಿ ಎರಡನೆಯದರ ನಂತರದ ಪ್ರಾಶಸ್ತ್ಯ ಲೆಕ್ಕಕ್ಕೆ ಬರುವುದಿಲ್ಲ. ಇಬ್ಬರ ಮುಂದೆ 2 ಬರೆದಿದ್ದಲ್ಲಿ ಮೊದಲ ಪ್ರಾಶಸ್ತ್ಯ ಮಾತ್ರ ಉಳಿಯುತ್ತದೆ.

(6) ಮತಪತ್ರದಲ್ಲಿ ಚಿಹ್ನೆಗಳಿರುವುದಿಲ್ಲ. ಅಭ್ಯರ್ಥಿಗಳ ಹೆಸರುಗಳನ್ನು ಮೊದಲೇ ತಿಳಿದುಕೊಂಡು, ಕ್ರಮವನ್ನು ಮನಸ್ಸಿನಲ್ಲಿ ನಿರ್ಧರಿಸಿಕೊಂಡು ಹೋಗುವುದು ಅನುಕೂಲಕರ.

(7) ಪದವೀಧರರ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧಪಡಿಸಲಾಗುತ್ತದೆ. ವಿಧಾನಸಭಾ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಇಲ್ಲಿ ಹೆಸರು ಇರುವುದಿಲ್ಲ. 2024ರಲ್ಲಿ ಮತ ಚಲಾಯಿಸಿದವರೂ ಮುಂದಿನ ಚುನಾವಣೆಗೆ ನಮೂನೆ 18ರಲ್ಲಿ ಪುನಃ ಅರ್ಜಿ ಸಲ್ಲಿಸಬೇಕಾಗುತ್ತದೆ.

(8) ಅರ್ಹತಾ ದಿನಾಂಕವಾದ ನವೆಂಬರ್ 1ಕ್ಕೆ ಕನಿಷ್ಠ ಮೂರು ವರ್ಷ ಮೊದಲು ಪದವಿ ಪಡೆದಿರಬೇಕು ಹಾಗೂ ಕ್ಷೇತ್ರದ ಸಾಮಾನ್ಯ ನಿವಾಸಿಯಾಗಿರಬೇಕು. 2024ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2030ಕ್ಕೆ ಮುಗಿಯುವುದರಿಂದ, ಅರ್ಹತಾ ದಿನಾಂಕವು 2029ರ ನವೆಂಬರ್ 1 ಆದಲ್ಲಿ, 2026ರ ನವೆಂಬರ್‌ಗೆ ಮೊದಲು ಪದವಿ ಮುಗಿಸಿದವರಿಗೆ ಆ ಚುನಾವಣೆಯಲ್ಲಿ ಅವಕಾಶ ದೊರೆಯುತ್ತದೆ.

ಗ್ರಾಮ ಪಂಚಾಯಿತಿ ಸದಸ್ಯರು ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಚುನಾವಣೆಯಲ್ಲಿಯೂ, ಪ್ರೌಢಶಾಲೆ ಹಾಗೂ ಅದಕ್ಕೆ ಮೇಲ್ಪಟ್ಟ ಸಂಸ್ಥೆಗಳ ಶಿಕ್ಷಕರು ಶಿಕ್ಷಕರ ಕ್ಷೇತ್ರದ ಚುನಾವಣೆಯಲ್ಲಿಯೂ ಇದೇ ರೀತಿ ಪ್ರಾಶಸ್ತ್ಯ ಮತ ಚಲಾಯಿಸುತ್ತಾರೆ. ಮತ ಗುರುತಿಸುವ ಬಗ್ಗೆ ಮೇಲಿನ (1)ರಿಂದ (6)ರವರೆಗಿನ ಅಂಶಗಳು ಅವರಿಗೂ ಉಪಯುಕ್ತವಾಗಿವೆ.

11. ಉಪಸಂಹಾರ

ಏಳು ಜಿಲ್ಲೆಗಳ ಕ್ಷೇತ್ರದಲ್ಲಿ ಬಾಗಳಿಯಂತಹ ಒಂದು ಗ್ರಾಮದ ಪದವೀಧರರ ಸಂಖ್ಯೆ ಅಲ್ಪವೇ. ತಮ್ಮ ಮತದಿಂದ ಏನಾದೀತು ಎಂಬ ಭಾವನೆ ಅವರಲ್ಲಿ ಮೂಡಿದರೆ ಆಶ್ಚರ್ಯವಿಲ್ಲ. ಆದರೆ ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಈ ಎಣಿಕೆಗೆ ಯಥಾವತ್ತಾಗಿ ಅನ್ವಯಿಸುತ್ತದೆ. ಸುತ್ತಿನಿಂದ ಸುತ್ತಿಗೆ ಹತ್ತಾರು, ನೂರಾರು ಮತಗಳು ಸೇರುತ್ತಲೇ ಫಲಿತಾಂಶ ರೂಪುಗೊಳ್ಳುತ್ತದೆ. ಎರಡನೇ ಅಂಕಿ ಬರೆದ ಮತವು ಆ ಹರಿವಿನಲ್ಲಿ ಮುಂದೆ ಸಾಗುತ್ತದೆ. ಬರೆಯದ ಮತವು ದಡದಲ್ಲಿ ನಿಲ್ಲುತ್ತದೆ.

ತಮ್ಮ ಊರಿನ ಕಡೆಯ, ತಮಗೆ ಪರಿಚಯದ ಅಭ್ಯರ್ಥಿಗೆ 1 ಎಂದು ಬರೆಯುವುದು ಮತದಾರನ ಹಕ್ಕು. ಅವರು ಗೆಲ್ಲಲಾರದೆ ಹೋದರೆ ಉಳಿದವರಲ್ಲಿ ಯಾರು ವಾಸಿ ಎಂದು ಹೇಳುವುದೂ ಅದೇ ಹಕ್ಕಿನ ಇನ್ನೊಂದು ಭಾಗ. ಎರಡನೇ ಅಂಕಿ ಬರೆಯಲೇಬೇಕೆಂಬ ಕಡ್ಡಾಯವಿಲ್ಲ. ಉಳಿದ ಯಾರೂ ತಮಗೆ ಸಮ್ಮತರಲ್ಲವೆಂದು ಯೋಚಿಸಿ ಬರೆಯದೆ ಬಿಡುವುದೂ ಒಂದು ನಿರ್ಧಾರವೇ. ತಿಳಿಯದೆ ಬಿಡುವುದು ಮಾತ್ರ ಆಗಬಾರದು. ಪದವೀಧರರು ಈ ವ್ಯತ್ಯಾಸವನ್ನು ಮನಗಂಡು, ಮತಗಟ್ಟೆಗೆ ಹೋಗುವ ಮುನ್ನವೇ ತಮ್ಮ ಕ್ರಮವನ್ನು ಆಲೋಚಿಸಿ ಮತ ಚಲಾಯಿಸುವುದು ಅಪೇಕ್ಷಣೀಯವಾಗಿದೆ.